ಏಳು ಗಂಟೆಯ ಗೋಡೆ

ಬೆಳಿಗ್ಗೆ ಏಳಕ್ಕೆ ಐದು ನಿಮಿಷವಿದ್ದಾಗ ಧಣಿಗಳ ಮೂವರು ಸವಾರರು ದುರಗವ್ವನ ಬಾಗಿಲ ಮುಂದೆ ಕುದುರೆ ನಿಲ್ಲಿಸಿದರು. ಅಂತರ್ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಜೀತದಿಂದ ಬಿಡುಗಡೆಯಾದ ಕಪ್ಪು ಜನಕ್ಕೆ ಮರುದಿನ ಮೊದಲ ಮತದಾನ.

ಆ ಕೇರಿಯಲ್ಲಿ ಮನೆಯೊಳಗೆ ಆಡಿದ ಮಾತನ್ನು ಗೋಡೆಗಳು ಮರುದಿನ ಅದೇ ಹೊತ್ತಿಗೆ ಮತ್ತೆ ಆಡುತ್ತವೆ. ಅದಕ್ಕೇ ಮತದ ವಿಷಯವನ್ನು ಎಲ್ಲರೂ ಹೊಲದಲ್ಲೇ ಮಾತಾಡುತ್ತಿದ್ದರು. ನಿನ್ನೆ ಬೆಳಿಗ್ಗೆ ಏಳಕ್ಕೆ ದುರಗವ್ವನ ಗಂಡ ಫಕೀರಪ್ಪ ಮೈಮರೆತು, ತನ್ನೊಡನೆ ಮತ ಹಾಕಲಿರುವ ಹನ್ನೊಂದು ಜನರ ಹೆಸರನ್ನು ಒಲೆಯ ಮುಂದೆ ಹೇಳಿಬಿಟ್ಟಿದ್ದ. ಗೋಡೆಗಳ ಮಾತು ಕೇಳಲು ಮನೆಮನೆಯ ಮುಂದೆ ನಿಲ್ಲುವ ಸವಾರರು, ಹೀಗೇ ಸಿಕ್ಕಿಬಿದ್ದ ಮನೆಯೊಂದನ್ನು ಹೋದ ವಾರ ಜನರ ಸಮೇತ ಸುಟ್ಟಿದ್ದರು.

ದುರಗವ್ವ ಗಂಡನನ್ನು ಚಾಪೆಗೆ ನೂಕಿ, ಮುಖದ ಮೇಲೆ ಕಂಬಳಿ ಎಳೆದಳು. “ನನ್ನ ಬಿಟ್ಟು ಹೋದ್ಯಲ್ಲೋ ನನ್ನ ರಾಜಾ!” ಎಂದು ಚೀರಿದಳು. ಅಳು ಕೇಳಿದ ಮನೆಗೆ ಓಡಿ ಬಂದು ದನಿಗೂಡಿಸುವುದು ಕೇರಿಯ ಪದ್ಧತಿ. ಹೆಂಗಸರು ಏನೂ ಕೇಳದೆ ಬಂದು ಕೂತರು.

“ಯಾರಬೇ ಸತ್ತಾಂವ?” ಸವಾರನೊಬ್ಬ ಕೂಗಿದ.

“ನನ್ನ ಗಂಡ್ರೀ ಧಣಿ! ಒಳಗ ಬಂದು ಮುಖಾ ನೋಡ್ರಿ!”

“ನಿಮ್ಮ ಹೆಣಾ ಮುಟ್ಟಿ ನಾವು ಮೈಲಿಗಿ ಆಗೂಣೇನ?” ಎಂದು ಅವನು ನಕ್ಕ. ಆದರೆ ಕುದುರೆ ಕದಲಲಿಲ್ಲ.

ಏಳಾಯಿತು. ಗೋಡೆ ಫಕೀರಪ್ಪನ ದನಿಯಲ್ಲಿ ಶುರುಮಾಡಿತು. ಗೋಡೆಗೆ ಒರಗಿದ್ದ ಪಕ್ಕದ ಮನೆಯ ಮಾಳವ್ವನ ಕಿವಿಗೆ ಅವಳದೇ ಗಂಡನ ಹೆಸರು ಬಿತ್ತು. ಅವಳು ನಿಜವಾಗಿಯೇ ಎದೆ ಬಡಿದುಕೊಂಡು ಅರಚಿದಳು. ಉಳಿದವರ ದನಿಯೂ ಏರಿ, ಗೋಡೆಯ ಮಾತು ಅಳುವಿನಲ್ಲಿ ಮುಚ್ಚಿಹೋಯಿತು.

ಗೋಡೆ ಸುಮ್ಮನಾದ ಮೇಲೆ ಸವಾರರು ಹೋದರು.

ಮರುದಿನ ಹನ್ನೊಂದೂ ಜನ ಮತ ಹಾಕಿದರು. ಫಕೀರಪ್ಪ ಹಾಕಲಿಲ್ಲ; ಧಣಿಗಳು ಹಿಂದಿನ ಸಂಜೆಯೇ ಅವನನ್ನು ಮೃತನೆಂದು ಬರೆಸಿ, ಪಟ್ಟಿಯಿಂದ ಹೆಸರು ಹೊಡೆಸಿದ್ದರು.