ಅಂದಾನಪ್ಪನ ದನಿ

ತಾಲೂಕಿನ ಮಾಮಲೇದಾರರು ಭಾಷಣ ಕೇಳಲು ಮನೆಗೆ ಬರುವ ದಿನವೇ ಅಂದಾನಪ್ಪನ ದನಿ ಕೈಕೊಟ್ಟಿತು. ಬೆಳಿಗ್ಗೆ ಎದ್ದು ಹೆಂಡತಿಯನ್ನು ಕೂಗಿದರೆ ಬಾಯಿಂದ ಬರೀ ಗಾಳಿ ಬಂತು. ವಾರವೆಲ್ಲ ಬೇವೂರು, ತುಳಸಿಗೇರಿ ಎಂದು ಊರೂರು ತಿರುಗಿ, ಮಕ್ಕಳಲ್ಲಿ ಹುಟ್ಟಿನಿಂದ ಬಂದ ಗುಣವನ್ನು ಗುರುತಿಸಿ ಬೆಳೆಸಿರಿ ಎಂದು ಭಾಷಣ ಬಿಗಿದದ್ದರ ಫಲ ಅದು. ಬಾಗಲಕೋಟೆಯ ಪೇಟೆಯಲ್ಲಿ ಹತ್ತಿಯ ದಲಾಲಿ ಮಾಡಿಕೊಂಡು ಸುಖವಾಗಿದ್ದವನಿಗೆ, ಧಾರವಾಡದಲ್ಲಿ ಯಾರೋ ಕಲಿತವರ ಮಾತು ಕೇಳಿ ಬಂದಾಗಿನಿಂದ ಈ ಹುಚ್ಚು. ಹುಚ್ಚಿನ ಬೆನ್ನಿಗೆ ಒಂದು ಆಸೆಯೂ ಇತ್ತು. ಮಾಮಲೇದಾರರು ಮೆಚ್ಚಿ ಮೇಲಕ್ಕೆ ಒಂದು ಮಾತು ಹಾಕಿದರೆ ಹೆಸರಿಗೆ ಸರಕಾರದ 'ರಾವಸಾಹೇಬ' ಬಿರುದು ಅಂಟಿಕೊಳ್ಳುತ್ತಿತ್ತು.

ಶುಂಠಿ ಆಯಿತು, ಹಿಪ್ಪಲಿ ಆಯಿತು, ಜೇನುತುಪ್ಪ ಆಯಿತು. ಗಂಟಲು ಜಗ್ಗಲಿಲ್ಲ. ಅಂದಾನಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ.

"ಸಕ್ರವ್ವನ್ನ ಪರದೇದ ಹಿಂದ ಕುಂದ್ರಸ್ರಿ," ಎಂದಳು ಹೆಂಡತಿ ಬಸಲಿಂಗವ್ವ. "ಆಕಿ ಮಾತಾಡ್ಲಿ, ನೀವು ಮುಂದ ಕುಂತು ಬಾಯಿ ಆಡಸ್ರಿ. ಆ ಮೀಸಿಯೊಳಗ ನಿಮ್ಮ ತುಟಿ ಯಾರಿಗೆ ಕಾಣಸ್ತಾವು?"

ಅಂದಾನಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಹತ್ತು ವರ್ಷದ ಮಗಳು ಸಕ್ರವ್ವನಿಗೆ ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಮರುಗಳಿಗೆಗೆ ಬಾಯಲ್ಲಿರುತ್ತಿತ್ತು. ಹೋದ ತಿಂಗಳು ಬಾಗಿಲ ಮರೆಯಿಂದ, "ಲೇ ಸುಭಾನಸಾಬ, ಟಾಂಗಾ ಹೂಡಲೇ!" ಎಂದು ಅಪ್ಪನ ದನಿಯಲ್ಲಿ ಕೂಗಿ ಟಾಂಗಾದವನನ್ನು ಅಂಗಳಕ್ಕೆ ಕರೆಸಿದ್ದಳು. ಹೆಣ್ಣುಮಗಳಿಗೆ ಇದೆಂಥ ಅಣಕದ ಚಟ ಎಂದು ಅಂದಾನಪ್ಪ ಹುಣಸೆಬರಲು ಮುರಿಯುವ ಹಾಗೆ ಬಾರಿಸಿದ್ದ. ಆತನ ಮೈ ಹತ್ತಿಯ ಅಂಡಿಗೆಯಷ್ಟು ದಪ್ಪವಾಗಿದ್ದರೂ ದನಿ ಮಾತ್ರ ಸಣ್ಣದು, ಮೂಗಿನಿಂದ ಹೊರಡುವಂಥದು. ಹುಡುಗಿಯ ಗಂಟಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಬೇರೆ ದಾರಿ ಇರಲಿಲ್ಲ. ಆತ ಮಗಳನ್ನು ಕರೆದು, ಕೈಸನ್ನೆಯಲ್ಲೇ ಅರ್ಧ ಬೇಡಿಕೊಂಡು ಅರ್ಧ ಹೆದರಿಸಿದ. ಭಾಷಣ ಕಲಿಸುವ ತ್ರಾಸೇ ಇರಲಿಲ್ಲ. ದಿನಾ ಅಂಗಳದಲ್ಲಿ ಅಡ್ಡಾಡುತ್ತ ಆತ ಉರು ಹೊಡೆಯುವುದನ್ನು ಕೇಳಿ ಕೇಳಿ ಮನೆಯ ಎಮ್ಮೆಗೂ ಅದು ಬಾಯಿಪಾಠವಾಗಿತ್ತು.

ಸಂಜೆ ಮಾಮಲೇದಾರರು ಬಂದು ಲೋಡಿಗೆ ಒರಗಿದರು. ಅಂದಾನಪ್ಪ ಪಡಸಾಲೆಯ ಆ ತುದಿಗೆ, ಒಳಬಾಗಿಲ ಪರದೆಗೆ ಬೆನ್ನು ತಾಗಿಸಿ ಕುಳಿತು ಮೀಸೆಯನ್ನು ಇನ್ನಷ್ಟು ಕೆಳಗೆ ಇಳಿಬಿಟ್ಟುಕೊಂಡ. ಹಿಂದಿನಿಂದ ಒಂದು ಕೆಮ್ಮು ಬಂತು. ಅವನದೇ ಕೆಮ್ಮು. ಗಡಬಡಿಸಿ ಬಾಯಿಗೆ ಕೈ ಅಡ್ಡ ಹಿಡಿದ.

"ಸಾಹೇಬ್ರ, ಪ್ರತಿಯೊಂದು ಕೂಸಿನೊಳಗೂ ದೇವರು ಒಂದು ಗುಣ ಇಟ್ಟು ಕಳಸಿರತಾನ. ಹತ್ತಿ ಕಾಯಿ ಒಡೀಲಿಲ್ಲ ಅಂದ್ರ ಅರಳಿ ಕಂಡೀತೇನ್ರಿ? ಕಾಯಿ ಒಡಿಯೂತನಕಾ ಕಾಯೋದು ತಂದಿ ಧರ್ಮ. ಎಳೀ ಕಾಯಿ ಕಿತ್ತು ಒಗದಾಂವ..." ಇಲ್ಲಿ ದನಿ ಸ್ವಲ್ಪ ತಡೆಯಿತು. ಅಂದಾನಪ್ಪ ಎಂದೂ ಹಾಗೆ ತಡೆದವನಲ್ಲ. "ಎಳೀ ಕಾಯಿ ಕಿತ್ತು ಒಗದಾಂವ ತಂದಿ ಅಲ್ಲರಿ, ಕಳ್ಳ!"

ಮಾಮಲೇದಾರರ ಕಣ್ಣಂಚು ಒದ್ದೆಯಾಯಿತು. "ವ್ಹಾ! ಬೇವೂರಾಗ ನಿಮ್ಮ ಭಾಷಣ ಕೇಳಿದ್ದೆ. ಖರೆ ಹೇಳಬೇಕಂದ್ರ ನಿದ್ದಿ ಬಂದಿತ್ತು. ಇವತ್ತು ಎದಿಗೆ ತಾಗಿತು ನೋಡ್ರಿ."

ಅಂದಾನಪ್ಪ ಉಬ್ಬಿ ಹೋದ. ನಿದ್ದೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ.

"ಅದಿರಲಿ," ಎಂದರು ಮಾಮಲೇದಾರರು, "ನಿಮಗೂ ಒಬ್ಬಾಕಿ ಮಗಳು ಇದ್ದಾಳಂತಲ್ಲ. ಆಕಿಯೊಳಗ ಯಾವ ಗುಣ ಕಂಡ್ರಿ?"

ಇದು ಭಾಷಣದಲ್ಲಿ ಇರಲಿಲ್ಲ. ಅಂದಾನಪ್ಪ ಬೆನ್ನಿನಿಂದ ಪರದೆಯನ್ನು ಮೆಲ್ಲಗೆ ಒತ್ತಿದ. ಹಾಳು ಹುಡುಗಿ ಎದ್ದು ಬಂದು, 'ಈಗ ಕೇಳಿದ್ರಲ್ಲರಿ, ಅದ ನನ್ನ ಗುಣ' ಎಂದುಬಿಟ್ಟರೆ? ರಾವಸಾಹೇಬ ಹೋಗಲಿ, ಪೇಟೆಯಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಅಷ್ಟರಲ್ಲಿ ಕೆಮ್ಮು ಕೇಳಿಸಿತು.

"ಅದರೊಳಗ ಏನೈತ್ರಿ ಸಾಹೇಬ್ರ? ಹೆಣ್ಣುಕೂಸು. ರೊಟ್ಟಿ ಬಡಿತೈತಿ, ಬೈದ್ರ ಸುಮ್ಮ ಕುಂದ್ರತೈತಿ. ಬರೋ ಮಾಘದಾಗ ಮದಿವಿ ಮಾಡಿ ಕೊಟ್ಟಬಿಟ್ರ ನನ್ನ ತಲಿಮ್ಯಾಲಿನ ಭಾರ ಇಳೀತು."

ಅಷ್ಟು ಹೊತ್ತು ಮಾತಿನ ಹಿಂದೆ ಎಡವುತ್ತ ಓಡುತ್ತಿದ್ದ ಅಂದಾನಪ್ಪನ ತುಟಿಗಳು ಈ ಮಾತಿಗೆ ಮಾತ್ರ ಒಂದು ಅಕ್ಷರವೂ ತಪ್ಪದೆ ಕೂಡಿಕೊಂಡವು.

"ಅದೂ ಖರೇನ," ಎಂದು ಮಾಮಲೇದಾರರು ತಲೆದೂಗಿ ಎದ್ದರು. "ಚೈತ್ರದಾಗ ಕಲೆಕ್ಟರ ಸಾಹೇಬರು ಬಾದಾಮಿಗೆ ಬರ್ತಾರ. ಅವರ ಮುಂದೂ ನಿಮ್ಮ ಭಾಷಣ ಆಗಬೇಕು. ಆದರ ಹಿಂಗ ಆಗಬೇಕು ನೋಡ್ರಿ, ಬೇವೂರಿನಂಗಲ್ಲ."

ಟಾಂಗಾ ಓಣಿ ದಾಟಿದ್ದೇ ತಡ, ಅಂದಾನಪ್ಪ ಒಳಗೆ ಓಡಿ ಮಗಳ ಬಾಯಿಗೆ ಒಂದು ಬೆಲ್ಲದ ಚೂರು ಇಟ್ಟ. ಸಕ್ರವ್ವ ಅದನ್ನು ಕಡಿಯದೆ, ಒಂದು ದವಡೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಆತ ಹೆಂಡತಿಯ ಕಡೆ ತಿರುಗಿ, ಬಾರದ ಗಂಟಲಲ್ಲೇ ಪಿಸುಗುಟ್ಟಿದ: "ಕೇಳಿದ್ಯಾ? ಚೈತ್ರಕ್ಕ ಬಾದಾಮಿ! ಕಲೆಕ್ಟರ ಮುಂದ!"

ಬಸಲಿಂಗವ್ವ ಪರದೆಯನ್ನು ಬಿಚ್ಚಿ ಮಡಿಚುತ್ತಿದ್ದಳು.

"ಚೈತ್ರಕ್ಕ ಹೆಂಗ ಹೋಗ್ತೀರಿ?" ಎಂದಳು. "ಮಾಘದಾಗ ನಿಮ್ಮ ದನಿ ಗಂಡನ ಮನಿಗೆ ಹೋಗಿರತೈತಲ್ಲ."