ಮುರಿಯಬೇಕಾದ ಬೋಲ್ಟು

ಟಕ್ ಎಂದು ಸದ್ದಾಗಿ, ಹೊಲ ಹದ ಮಾಡುತ್ತಿದ್ದ ರೋಟಾವೇಟರ್ ನಿಂತಿತು. ದುರಗೇಶ ಟ್ರ್ಯಾಕ್ಟರ್ ಬಂದ್ ಮಾಡಿ ಇಳಿದವನೇ, ಎಂಜಿನ್ನಿನ ತಿರುವನ್ನು ಬ್ಲೇಡುಗಳಿಗೆ ಮುಟ್ಟಿಸುವ ಶಾಫ್ಟಿನಿಂದ ಮುರಿದು ಬಿದ್ದ ಬೋಲ್ಟಿನ ತುಂಡನ್ನು ಹೆಂಡತಿ ದೇವಿಕಾಳ ಮುಖದೆದುರು ಹಿಡಿದ. "ಗಟ್ಟಿ ಕರಿ ಬೋಲ್ಟ್ ಹಾಕ್ತೀನಿ ಅಂದ್ರ ಕೇಳಲಿಲ್ಲ. ಇದು ಬೋಲ್ಟೋ ಬೆಂಡೋ? ನಾಳೆ ಬಿತ್ತೂದೈತಿ."

ದೇವಿಕಾ ಬ್ಲೇಡುಗಳ ನಡುವೆ ಸಿಕ್ಕಿದ್ದ ಕಲ್ಲನ್ನು ಎಳೆದು ಒಗೆದಳು. ಬ್ಲೇಡುಗಳನ್ನು ಕೈಯಿಂದ ತಿರುವಿದಳು. ಗೇರು ಕರಕರ ಎನ್ನದೆ ಸರಾಗವಾಗಿ ತಿರುಗಿತು. "ಕಲ್ಲು ಸಿಕ್ಕಾಗ ನಿಮ್ಮ ಗಟ್ಟಿ ಬೋಲ್ಟ್ ಮುರೀತಿರಲಿಲ್ಲ, ಒಳಗಿನ ಗೇರ್ ಮುರೀತಿತ್ತು. ಈ ಮೆತ್ತನ್ದು ಇರೂದ ಮುರಿಯಾಕ."

ದುರಗೇಶ ತಾನೂ ಬ್ಲೇಡು ತಿರುವಿ, ಕಿವಿಗೊಟ್ಟು ಕೇಳಿದ. ಕಿಸೆಯಲ್ಲಿದ್ದ ಕರಿ ಬೋಲ್ಟನ್ನು ಬದುವಿನಾಚೆ ಎಸೆದು, ಅಂಗೈ ಚಾಚಿದ. "ಅಂಥಾದ್ ಇನ್ನೊಂದ್ ಐತೇನು?"

ದೇವಿಕಾ ಸೆರಗಿನ ಗಂಟು ಬಿಚ್ಚಿದಳು. "ನಾಕ್ ಅದಾವು. ಮೊದ್ಲ ಆ ಮುರಿದದ್ದಕ್ಕ ಬೈದದ್ದು ವಾಪಸ್ ತಗೋರಿ."