ಏಳನೇ ಕ್ಲಾಸು ಪಾಸು

ಪಕ್ಕದೂರಿನ ಕಾಲೇಜಿನ ಲ್ಯಾಬ್ ಅಟೆಂಡರ್ ಕೆಲಸಕ್ಕೆ ಏಳನೇ ಕ್ಲಾಸು ಪಾಸಾದವರು ಸಾಕು, ಹೆಚ್ಚು ಓದಿದವರು ಬೇಡ ಎಂದಿದ್ದರು. ಅನ್ವಯಿಕ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವುದನ್ನು ಬಾಯಿಬಿಡದೆ ಅವನು ಸಂದರ್ಶನಕ್ಕೆ ಹೋಗಿ ನಿಂತ.

ಪ್ರಿನ್ಸಿಪಾಲರು ತಂತಿಯ ದಪ್ಪ ಅಳೆಯುವ ಒಂದು ಸ್ಕ್ರೂ ಗೇಜ್ ಕೊಟ್ಟು, "ಒರೆಸಿಡು" ಎಂದರು. ಒರೆಸಿದ. ಆದರೆ ಹಾಳು ಕೈ ಸುಮ್ಮನಿರಲಿಲ್ಲ. ತಿರುಪು ಬಿಗಿಮಾಡಿ, ಗೆರೆ ಸೊನ್ನೆಗೆ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಗೆ ಹಿಡಿದು ನೋಡಿಬಿಟ್ಟ.

"ಎಷ್ಟು ಓದಿದ್ದೀಯ?"

"ಏಳು, ಸಾರ್."

"ಏಳನೇ ಕ್ಲಾಸಿನೋನು ಸೊನ್ನೆ ನೋಡ್ತಾನೇನಯ್ಯ? ಬೆಳಗಿಂದ ಬರೋರೆಲ್ಲ ಇಂಥ ಕಳ್ಳರೇ. ಹೊರಗೆ ನಡಿ."

ಹೊರಗೆ ಸಾಲಿನಲ್ಲಿ ಮುಂದಿನ ಸರದಿಯವರೊಬ್ಬರು ಕರ್ಚೀಫಿನಿಂದ ಮುಖ ಮರೆಮಾಡಿಕೊಂಡು ನಿಂತಿದ್ದರು. ಗುರುತು ಹತ್ತಿತು. ಹತ್ತಿರ ಹೋಗಿ ಪಿಸುಗುಟ್ಟಿದ:

"ಒಳಗೆ ಸ್ಕ್ರೂ ಗೇಜ್ ಕೊಡ್ತಾರೆ ಸಾರ್. ದಿನಾ ಲ್ಯಾಬಲ್ಲಿ ನಮಗೆ ಹೇಳ್ಕೊಡ್ತೀರಲ್ಲ, ಹಂಗೆ ಮಾತ್ರ ಸೊನ್ನೆ ನೋಡ್ಬೇಡಿ."